ಗೌರವ್ವಕ್ಕನ ಬೊಗಸೆ, ಜರ್ಮನಿಯ ಜರಡಿ

ಜರ್ಮನಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಅಲ್ಲಿನ ಕಸದ ತೊಟ್ಟಿಯಿಂದ ಶುರು ಮಾಡುತ್ತೇನೆ. ಕೇಳಿದವರು ಚಹಾ ಮುಗಿಯುವವರೆಗೆ ತಡೆದುಕೊಂಡಿದ್ದು ಆಮೇಲೆ ಎದ್ದು ಹೋಗುತ್ತಾರೆ. ಅವರಿಗೆ ಅರಮನೆ, ನದಿ, ಹಿಮದ ಸುದ್ದಿ ಬೇಕಾಗಿರುತ್ತದೆ. ನಾನು ಎಂಟು ದಿನ ಅಲ್ಲಿದ್ದೆ. ಅರಮನೆಯನ್ನು ರೈಲಿನ ಕಿಟಕಿಯಿಂದ ಒಂದು ಸಲ ಕಂಡೆ, ಅದೂ ಅರ್ಧ. ಉಳಿದ ಹೊತ್ತೆಲ್ಲ ಕಸ ನೋಡಿದೆ. ಏನು ಮಾಡುವುದು, ನಾನು ಹೋದದ್ದೇ ಕಸ ನೋಡುವುದಕ್ಕೆ.

ಬೈಲಹೊಂಗಲ

ನನ್ನ ಹೆಸರು ದಸ್ತಗೀರ. ಬೈಲಹೊಂಗಲದಲ್ಲಿ ನನ್ನದೊಂದು ಚೀಲದ ಕಾರ್ಖಾನೆ ಇದೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಒಂದು ತಗಡಿನ ಶೆಡ್ಡು, ಅದರೊಳಗೆ ಪ್ಲಾಸ್ಟಿಕ್ಕಿನ ಕಾಳು ಕರಗಿಸಿ ಉದ್ದನೆಯ ಬಲೂನಿನಂತೆ ಮೇಲಕ್ಕೆ ಊದುವ ಒಂದು ಯಂತ್ರ. ಆ ಬಲೂನು ಆರಿ, ಚಪ್ಪಟೆಯಾಗಿ ಸುತ್ತಿಕೊಂಡರೆ ಫಿಲ್ಮಿನ ರೋಲು; ಅದನ್ನು ಕತ್ತರಿಸಿ ತಳ ಬೆಸೆದರೆ ಚೀಲ. ಮೊದಲೆಲ್ಲ ನಾನು ಪ್ಲಾಸ್ಟಿಕ್ಕಿನ ಕೈಚೀಲ ಮಾಡುತ್ತಿದ್ದೆ. ಸವದತ್ತಿ ಗುಡ್ಡದ ಅಂಗಡಿಗಳಿಗೆ, ಕಿತ್ತೂರಿನ ಹೆದ್ದಾರಿ ಹೋಟೆಲುಗಳಿಗೆ, ಸುತ್ತಲಿನ ಸಂತೆಗಳಿಗೆ ಹೋಗುತ್ತಿದ್ದದ್ದು ನನ್ನ ಮಾಲೇ. ಪ್ರತಿ ಚೀಲದ ಮೇಲೂ ಹಸಿರು ಶಾಯಿಯ ಒಂದು ಗುಲಾಬಿ ಹೂವಿನ ಗುರುತು ಇರುತ್ತಿತ್ತು. ಆ ಗುರುತು ಅಳಿಸಿಹೋಗುವುದಿಲ್ಲ ಎಂದು ಅಂಗಡಿಯವರ ಮುಂದೆ ಎದೆ ತಟ್ಟಿ ಹೇಳುತ್ತಿದ್ದೆ.

ದೇಗಾಂವದ ಗೌರವ್ವಕ್ಕನ ಆಕಳು ಸತ್ತಾಗ ದನದ ಡಾಕ್ಟರು ಅದರ ಹೊಟ್ಟೆ ಕೊಯ್ದು ತೋರಿಸಿದರು. ಒಂದು ಬುಟ್ಟಿ ತುಂಬುವಷ್ಟು ಚೀಲಗಳು ಇದ್ದವು. ಸುದ್ದಿ ಕೇಳಿ ನಾನೂ ಹೋಗಿದ್ದೆ. ಗೌರವ್ವಕ್ಕ ಎಂದರೆ ಕಿತ್ತೂರು ಸೀಮೆಯಲ್ಲಿ ಸಸಿ ಬೆಳೆಸಿ ಮಾರುವ ಹೆಣ್ಣುಮಗಳು, ಅರವತ್ತರ ಹತ್ತಿರದವಳು; ಆಗ ನನಗೆ ಪರಿಚಯವಿರಲಿಲ್ಲ. ಆಕೆ ಒಂದು ಚೀಲವನ್ನು ಕೊಡದ ನೀರಿನಲ್ಲಿ ತೊಳೆದು ನನ್ನ ಮುಂದೆ ಹಿಡಿದಳು. ಹಸಿರು ಗುಲಾಬಿ ನಿನ್ನೆ ಅಚ್ಚು ಹಾಕಿದಂತಿತ್ತು.

"ಇದು ನಿಮ್ದಲ್ಲೇನ್ರಿ?" ಎಂದಳು.

"ಬೀದ್ಯಾಗ ಒಗದವ್ರನ್ನ ಕೇಳ್ರಿ, ನನ್ನ್ಯಾಕ ಕೇಳ್ತೀರಿ?" ಎಂದುಬಿಟ್ಟೆ. ಹತ್ತು ಜನ ನಿಂತಿದ್ದರು. ಆಕೆ ಮುಂದೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನಾನೂ ಎದುರು ಬೈದು ಮನೆಗೆ ಬಂದು ಉಂಡು ಮಲಗುತ್ತಿದ್ದೆನೇನೋ. ಆಕೆ ಸುಮ್ಮನಿದ್ದದ್ದು ನನ್ನನ್ನು ಬಿಡಲಿಲ್ಲ.

ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಬಂತು, ಯಂತ್ರ ನಿಂತಿತು. ಗೋವಿನಜೋಳದ ಹಿಟ್ಟು ಮತ್ತು ಕೊಳೆಯುವ ಜಾತಿಯ ಕಾಳು ಬೆರೆಸಿ ಫಿಲ್ಮು ಊದಬಹುದು, ಅದು ಗೊಬ್ಬರವಾಗುತ್ತದೆ ಎಂದು ಎಲ್ಲೆಲ್ಲೋ ಕೇಳಿ ತಿಳಿದುಕೊಂಡು ಮತ್ತೆ ಶುರು ಮಾಡಿದೆ. ಸಸಿ ಬೆಳೆಸುವ ಚೀಲ. ಹರಿದು ಎಸೆಯುವ ಕೆಲಸವಿಲ್ಲ, ಚೀಲದ ಸಮೇತ ನೆಟ್ಟುಬಿಡುವುದು. ಮೊದಲ ಕಟ್ಟನ್ನು ಗೌರವ್ವಕ್ಕನ ಅಂಗಳಕ್ಕೇ ಒಯ್ದೆ. ಬೇರೆಲ್ಲಿಗೆ ಹೋಗಲೂ ಮನಸ್ಸು ಒಪ್ಪಲಿಲ್ಲ.

"ಇದನ್ನ ದನಾ ತಿಂದ್ರ?" ಎಂದಳು.

"ಏನೂ ಆಗೂದಿಲ್ರಿ ಅಕ್ಕಾರ."

"ಹಂಗಾರ ನೀ ತಿನ್ನು."

ಹೆಬ್ಬೆಟ್ಟಿನಷ್ಟು ತುಂಡು ಹರಿದು ಬಾಯಿಗೆ ಹಾಕಿಕೊಂಡೆ. ಮಳೆಗಾಲದಲ್ಲಿ ಮೆತ್ತಗಾದ ಹಪ್ಪಳದ ರುಚಿ. ಜಗಿದೆ, ನೀರು ಕುಡಿದು ನುಂಗಿದೆ. ನನ್ನ ಮುಖ ಹೇಗಾಗಿತ್ತೋ, ಆಕೆ ನಕ್ಕಳು. ಅವತ್ತಿನಿಂದ ನಾನು ಆಕೆಗೆ "ತಮ್ಮಾ" ಆದೆ.

ಆದರೆ ಆ ಚೀಲ ಸಸಿ ದೊಡ್ಡದಾಗುವ ಮೊದಲೇ ಬೂಸು ಹಿಡಿದು ಹರಿಯುತ್ತಿತ್ತು. ಅದಕ್ಕೆ ಮದ್ದು ಕೊಟ್ಟವಳೂ ಗೌರವ್ವಕ್ಕನೇ. ಬೀಜದ ಜೋಳ ಕೆಡದಿರಲೆಂದು ಆಕೆ ಅದಕ್ಕೆ ಬೇವಿನ ತಪ್ಪಲಿನ ಪುಡಿ, ಅರಿಷಿಣ ಸವರಿ ಇಡುತ್ತಿದ್ದಳು. ಅದನ್ನೇ ನನ್ನ ಕಾಳಿಗೂ ಬೆರೆಸಿದಳು. ಒಂದು ಡ್ರಮ್ಮು ಕಾಳಿಗೆ ಆಕೆಯ ಕೈಯಲ್ಲಿ ಐದು ಬೊಗಸೆ. ಫಿಲ್ಮು ತಿಳಿ ಹಳದಿ ಬಣ್ಣಕ್ಕೆ ತಿರುಗಿತು. ಸಸಿ ನೆಡುವ ಹದಕ್ಕೆ ಬರುವತನಕ ತಾಳುತ್ತಿತ್ತು, ನೆಟ್ಟ ಮೇಲೆ ಮಣ್ಣಿಗೆ ಸೇರುತ್ತಿತ್ತು. ಆಕೆ ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಪುಡಿ ಹಾಕಿ, ಡ್ರಮ್ಮು ತಿರುಗುವುದನ್ನು ನೋಡಿಕೊಂಡು ಊರಿಗೆ ಹೋಗುವುದು ರೂಢಿಯಾಯಿತು. ನಾನು ಒಂದು ದಿನ ಆಕೆಗೆ ಮಾತು ಕೊಟ್ಟೆ: "ಈ ಚೀಲಾ ಮಣ್ಣಾಗಲಿಲ್ಲಂದ್ರ ಶೆಡ್ಡಿನ ಕದಾ ಹಾಕತೇನ್ರಿ ಅಕ್ಕಾರ."

ಜರ್ಮನಿಯಲ್ಲಿ ಹೂವಿನ ಸಸಿ ಬೆಳೆಸುವವರೊಬ್ಬರು ನಮ್ಮ ಚೀಲ ಕೇಳಿದರು. ಅವರ ಊರಿನ ಪ್ರಯೋಗಾಲಯದಲ್ಲಿ ಅದು ಕೊಳೆತು ತೋರಿಸಬೇಕು ಎಂಬುದು ಅವರ ಷರತ್ತು. ಒಂದು ರೋಲು ಕಳಿಸಿದೆವು. ಕೆಲವು ತಿಂಗಳಾದ ಮೇಲೆ ಉತ್ತರ ಬಂತು: ನಿಮ್ಮ ಮಾದರಿಯನ್ನು ಎರಡು ಪೆಟ್ಟಿಗೆ ಗೊಬ್ಬರದಲ್ಲಿ ಇಟ್ಟಿದ್ದೆವು, ಮೊದಲನೆಯದರಲ್ಲಿ ಕೊಳೆತಿಲ್ಲ; ಎರಡನೆಯ ಪೆಟ್ಟಿಗೆಯನ್ನು ಇನ್ನೂ ಜರಡಿ ಹಿಡಿದಿಲ್ಲ, ಬೇಕಿದ್ದರೆ ಬಂದು ನೋಡಬಹುದು. ಕಣ್ಣಾರೆ ನೋಡದೆ ನಂಬುವ ಸ್ವಭಾವ ನನ್ನದಲ್ಲ. ಹೊರಟೆ. ಬಸ್ ಸ್ಟ್ಯಾಂಡಿಗೆ ಬಂದ ಗೌರವ್ವಕ್ಕ ಪುಡಿಯ ಒಂದು ಪೊಟ್ಟಣ ಕೈಗಿಟ್ಟಳು.

"ಹೋಗಿ ನೋಡ್ಕೊಂಡ ಬಾ ತಮ್ಮಾ. ಆ ಊರ ಮಣ್ಣ ಸರಿ ಇಲ್ಲಂದ್ರ ಅದನ್ನೂ ಹೇಳಿ ಬಾ."

ಇಳಿದ ದಿನ

ಆ ಪೊಟ್ಟಣ ನನ್ನನ್ನು ವಿಮಾನ ನಿಲ್ದಾಣದಲ್ಲೇ ಹಿಡಿಸಿಹಾಕಿತು. ಅಧಿಕಾರಿ ಹಳದಿ ಪುಡಿ ಬಿಚ್ಚಿ ನೋಡಿದ, ನನ್ನ ಮುಖ ನೋಡಿದ, ಒಂದು ನಾಯಿ ಕರೆಸಿದ. ಕರುವಿನಷ್ಟಿದ್ದ ನಾಯಿ. ಅದು ಮೂತಿ ಇಟ್ಟು ಒಮ್ಮೆ ಎಳೆದುಕೊಂಡಿತು, ನಾಲ್ಕು ಸಲ ಸೀನಿತು, ಆಮೇಲೆ ಹಳದಿ ಮೂಗು ಹೊತ್ತು ನನ್ನ ಕಾಲ ಬಳಿ ಕೂತುಬಿಟ್ಟಿತು. ಇದೇನು ಎಂದು ಅಧಿಕಾರಿ ಕೇಳಿದ. ನನ್ನ ಇಂಗ್ಲಿಷು ಬೈಲಹೊಂಗಲ ದಾಟಿದ್ದು ಅದೇ ಮೊದಲು. "ಚೀಲದ ಔಷಧ" ಎಂದೆ. ಆತ ಇನ್ನಷ್ಟು ಗಾಬರಿಯಾದ. ಕೊನೆಗೆ ಪ್ರಯೋಗಾಲಯದ ಪತ್ರ ತೋರಿಸಿದ ಮೇಲೆ ಬಿಟ್ಟ. ಬಿಡುವಾಗ ನಾಯಿಯ ಮೂಗನ್ನು ತನ್ನ ಕರವಸ್ತ್ರದಿಂದ ಒರೆಸಿದ್ದು ನನಗೆ ಹಿಡಿಸಿತು.

ರೈಲಿನಲ್ಲಿ ಮನೆಗೆ ಫೋನು ಮಾಡಿ ಮುಟ್ಟಿದ ಸುದ್ದಿ ಹೇಳಿದೆ. ನಮ್ಮ ಬಸ್ಸುಗಳಲ್ಲಿ ಹಿಂದಿನ ಸೀಟಿನವ ಮುಂದಿನ ಸೀಟಿನವನಿಗೆ ಹೇಳುವ ದನಿಯಲ್ಲಿಯೇ ಹೇಳಿದೆ, ಕಿರುಚಲಿಲ್ಲ. ಇಡೀ ಡಬ್ಬಿ ತಿರುಗಿ ನೋಡಿತು. ಎದುರಿನ ಮುದುಕರು ಸಿಟ್ಟಾಗದೆ, ತುಟಿಯ ಮೇಲೆ ಬೆರಳಿಟ್ಟ ಗೋಡೆಯ ಚಿತ್ರವನ್ನು ತೋರಿಸಿದರು. ಆಮೇಲೆ ಎರಡು ತಾಸು ನನ್ನ ಉಸಿರೂ ನನಗೆ ಜೋರಾಗಿ ಕೇಳಿಸಿತು. ಇಷ್ಟು ಜನ ಒಟ್ಟಿಗೆ ಕೂತು ಒಬ್ಬರೂ ಇನ್ನೊಬ್ಬರ ಊರು ಕೇಳದಿರುವುದನ್ನು ನಾನು ಹಿಂದೆ ಕಂಡಿರಲಿಲ್ಲ.

ಕಂದು ತೊಟ್ಟಿ

ನನಗೆ ಕೋಣೆ ಕೊಟ್ಟವರು ಒಬ್ಬ ಅಜ್ಜಿ. ಅವರಿಗೆ ಇಂಗ್ಲಿಷು ಬಾರದು, ನನಗೆ ಅವರ ಭಾಷೆ ಬಾರದು. ಅಂಗಳದಲ್ಲಿ ನಾಲ್ಕು ಬಣ್ಣದ ತೊಟ್ಟಿಗಳು. ಕಾಗದಕ್ಕೊಂದು, ಡಬ್ಬಿ ಪೊಟ್ಟಣಕ್ಕೊಂದು, ಯಾವುದಕ್ಕೂ ಸಲ್ಲದ ಕಸಕ್ಕೊಂದು, ಅಡುಗೆಮನೆಯ ಹಸಿ ಕಸಕ್ಕೆ ಕಂದು ಬಣ್ಣದ್ದೊಂದು. ಹಸಿ ಕಸ ಊರಿನ ಗೊಬ್ಬರದ ಕಾರ್ಖಾನೆಗೆ ಹೋಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಸಂತೋಷವಾಯಿತು. ಉಳ್ಳಾಗಡ್ಡಿಯ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಎಲ್ಲ ತುಂಬಿ, ಬ್ಯಾಗಿನಲ್ಲಿದ್ದ ನನ್ನದೇ ಹಳದಿ ಚೀಲದಲ್ಲಿ ಕಟ್ಟಿ, ಹೆಮ್ಮೆಯಿಂದ ಕಂದು ತೊಟ್ಟಿಗೆ ಹಾಕಿದೆ.

ಅರ್ಧ ತಾಸಿನಲ್ಲಿ ಅಜ್ಜಿ ಬಾಗಿಲು ಬಡಿದರು. ಅವರ ಕೈಯಲ್ಲಿ ನನ್ನ ಚೀಲ. ಸಿಪ್ಪೆಯನ್ನೆಲ್ಲ ತೊಟ್ಟಿಗೆ ಸುರಿದು, ಚೀಲವನ್ನು ಸೋಪು ಹಾಕಿ ತೊಳೆದು, ಒರೆಸಿ, ಮಡಿಸಿ ತಂದಿದ್ದರು. ನನಗೆ ಅವಮಾನವಾದಂತಾಯಿತು. ಕಾಗದದ ಮೇಲೆ ಒಂದು ಜೋಳದ ತೆನೆ ಬರೆದು, ಅದರಿಂದ ಚೀಲಕ್ಕೆ ಗೆರೆ ಎಳೆದು, ಚೀಲದಿಂದ ಮಣ್ಣಿಗೆ ಗೆರೆ ಎಳೆದು ತೋರಿಸಿದೆ. ಅಜ್ಜಿ ತಲೆಯಾಡಿಸಿದರು, ನನ್ನ ತೋಳು ಹಿಡಿದು ಕೆಳಗೆ ಕರೆದೊಯ್ದರು. ತೊಟ್ಟಿಯ ಮುಚ್ಚಳದ ಮೇಲೆ ಚೀಲದ ಎರಡು ಚಿತ್ರಗಳಿದ್ದವು. ಒಂದು ಸಾದಾ ಪ್ಲಾಸ್ಟಿಕ್ ಚೀಲ, ಇನ್ನೊಂದು ಎಲೆಯ ಗುರುತಿರುವ ಗೊಬ್ಬರದ ಚೀಲ. ಎರಡರ ಮೇಲೂ ಕೆಂಪು ಅಡ್ಡಗೆರೆ.

ನಾನು ಬಹಳ ಹೊತ್ತು ಆ ತೊಟ್ಟಿಯ ಮುಂದೆ ನಿಂತಿದ್ದೆ. ಇಲ್ಲಿಯವರೆಗೆ ಬಂದದ್ದು ಇದನ್ನು ನೋಡುವುದಕ್ಕೇ ಎಂದು ಸಿಟ್ಟು ಬಂತು. ಊರಲ್ಲಾಗಿದ್ದರೆ ಆ ಚಿತ್ರವನ್ನು ಅಂಟಿಸಿದವನನ್ನು ಹುಡುಕಿಕೊಂಡು ಹೋಗುತ್ತಿದ್ದೆ.

ಜರಡಿ

ಪ್ರಯೋಗಾಲಯದ ಬಾಗಿಲು ತೆಗೆದಾಗ ಬಂದ ವಾಸನೆಗೆ ನನ್ನ ಕಣ್ಣು ತುಂಬಿತು. ತಿಪ್ಪೆಯ ವಾಸನೆ, ಶ್ರಾವಣದ ತಿಪ್ಪೆ. ಅಷ್ಟು ಸ್ವಚ್ಛವಾದ ದೇಶದಲ್ಲಿ ನನ್ನ ಊರು ಇದ್ದದ್ದು ಆ ಒಂದು ಕೋಣೆಯಲ್ಲಿ ಮಾತ್ರ.

ಅಲ್ಲಿನ ವಿಜ್ಞಾನಿಯ ಹೆಸರು ಹೆಲ್ಗಾ. ಐವತ್ತು ದಾಟಿದ ಹೆಂಗಸು, ಗಂಡಸರ ಬೂಟು, ಮೊಣಕೈವರೆಗೆ ಮಡಿಸಿದ ತೋಳು. ನನ್ನ ಇಂಗ್ಲಿಷು ಕೇಳಿ ತಾನೂ ನಿಧಾನವಾಗಿ, ಒಂದೊಂದೇ ಮಾತು ಇಟ್ಟು ಮಾತಾಡಿದಳು. ಕಂದು ತೊಟ್ಟಿಯ ದೂರನ್ನು ಮೊದಲು ಆಕೆಯ ಮುಂದೆಯೇ ಇಟ್ಟೆ.

"ನಮ್ಮ ಊರಿನ ಗೊಬ್ಬರದ ಕಾರ್ಖಾನೆ ಕಸವನ್ನು ಕೆಲವೇ ವಾರ ಇಟ್ಟುಕೊಳ್ಳುತ್ತದೆ. ಬಹಳ ಚೀಲಗಳು ಅಷ್ಟರಲ್ಲಿ ಕರಗುವುದಿಲ್ಲ. ಕರಗದ್ದನ್ನು ಆರಿಸಿ ಪ್ಲಾಸ್ಟಿಕ್ಕಿನ ಜೊತೆ ಸುಡುತ್ತಾರೆ. ಕರಗುತ್ತದೆ ಎಂದರೆ ಸಾಲದು, ಯಾವಾಗ ಎಂದು ಹೇಳಬೇಕು," ಎಂದಳು.

ಎರಡನೆಯ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. ಕಸದ ಜೊತೆ ನಮ್ಮ ಫಿಲ್ಮಿನ ತುಂಡುಗಳನ್ನು ಬೆರೆಸಿ ಹನ್ನೆರಡು ವಾರ ಬಿಸಿಯಲ್ಲಿ ಇಟ್ಟಿದ್ದ ಪೆಟ್ಟಿಗೆ. ನಮ್ಮಲ್ಲಿ ತಿಪ್ಪೆಗೆ ಹಾಕಿದ್ದು ತಿಪ್ಪೆಗೆ ಸೇರಿತು. ಯಾರು ಮರಳಿ ಹುಡುಕುತ್ತಾರೆ? ಆಕೆ ಹುಡುಕುತ್ತಿದ್ದಳು. ಗೊಬ್ಬರವನ್ನು ಬೊಗಸೆ ಬೊಗಸೆಯಾಗಿ ಜರಡಿಗೆ ಸುರಿದು, ಅಕ್ಕಿ ಹಸನು ಮಾಡುವ ತಾಳ್ಮೆಯಲ್ಲಿ ಅಲ್ಲಾಡಿಸಿ, ಮೇಲೆ ಉಳಿದದ್ದನ್ನು ಚಿಮಟದಿಂದ ಎತ್ತಿ ಬಿಳಿ ತಟ್ಟೆಯಲ್ಲಿ ಜೋಡಿಸಿದಳು. ಪಕ್ಕದಲ್ಲಿ ಬೇರೆ ಯಾರದೋ ಮಾದರಿಯ ತಟ್ಟೆ ಇತ್ತು. ಅದರಲ್ಲಿ ಎರಡು ಕಪ್ಪು ಚೂರು ಬಿಟ್ಟರೆ ಏನೂ ಇರಲಿಲ್ಲ.

ನಮ್ಮ ತಟ್ಟೆ ತುಂಬಿತು. ಹಳದಿ, ಹೊಳೆಯುವ, ಅಂಚು ಸಹ ಸವೆಯದ ತುಂಡುಗಳು.

ಒಂದು ಗಳಿಗೆ ನನಗೆ ಆದದ್ದನ್ನು ಮುಚ್ಚಿಡುವುದಿಲ್ಲ. "ಎಂಥಾ ಗಟ್ಟಿ ಮಾಲು!" ಎಂದು ಒಳಗಿನಿಂದ ಹೆಮ್ಮೆ ಎದ್ದಿತು. ಅಷ್ಟು ವರ್ಷ ಹರಿಯದ ಚೀಲ ಮಾಡಿದ ವ್ಯಾಪಾರಿಯ ಹೆಮ್ಮೆ ಅದು. ಮರುಕ್ಷಣವೇ ನಾಚಿಕೆಯಾಯಿತು. ಇದು ನಮ್ಮ ಚೀಲವಲ್ಲ, ನಮ್ಮದು ಹೀಗಿರುವುದಿಲ್ಲ ಎಂದೆ. ಊರಿನಿಂದ ತಂದ ಚೀಲವನ್ನು ಬ್ಯಾಗಿನಿಂದ ತೆಗೆದು ತಟ್ಟೆಯ ಪಕ್ಕ ಹಿಡಿದೆ. ಹೆಲ್ಗಾ ಎರಡನ್ನೂ ಕಿಟಕಿಯ ಬೆಳಕಿಗೆ ಒಯ್ದಳು. ಗೊಬ್ಬರದಲ್ಲಿ ಹನ್ನೆರಡು ವಾರ ಹೂತಿದ್ದ ತುಂಡೇ ಹೆಚ್ಚು ಹಳದಿಯಾಗಿತ್ತು.

ಆಕೆ ನನ್ನನ್ನು ನೋಡಿದಳು. "ಈ ರೋಲು ಬೇರೆಯೇ?" ಎಂದಳು. ಸೋಮವಾರ ಹೇಳುತ್ತೇನೆ ಎಂದೆ.

ಫೋನು

ಮರುದಿನ ಅಜ್ಜಿಯ ಅಂಗಳದಲ್ಲಿ ಕೂತು ಗೌರವ್ವಕ್ಕನಿಗೆ ಫೋನು ಹಚ್ಚಿದೆ.

"ಮಣ್ಣಾತೇನೋ ತಮ್ಮಾ?" ಅದೇ ಮೊದಲ ಮಾತು.

"ಇಲ್ರಿ ಅಕ್ಕಾರ. ಹೆಂಗ ಹೋಗಿತ್ತೊ ಹಂಗ ಐತ್ರಿ."

ಅತ್ತ ಆಕೆ ಕಾಳು ಹಾಕುತ್ತಿದ್ದಳೇನೋ, ಕೋಳಿಗಳ ದನಿ ಕೇಳುತ್ತಿತ್ತು.

"ಆ ರೋಲಿಗೆ ಎಷ್ಟ ಬೊಗಸಿ ಹಾಕಿದ್ರಿ?"

"ಹತ್ತು."

"ದಿನಾ ಐದಲ್ಲೇನ್ರಿ?"

"ದಿನದ್ದ ಬ್ಯಾರೆ. ಅದು ಪರದೇಶಕ್ಕ ಹೋಗೂ ಮಾಲು. ಬೀಗರ ಮನಿಗೆ ಹೋಳಗಿ ಕಳಸುವಾಗ ತುಪ್ಪಾ ಅಳತಿ ಮಾಡಿ ಹಾಕ್ತಾರೇನು? ನೀನ ಹೇಳಿದ್ದಿ, ಚಲೋತ್ನಾಗ ಮಾಡ್ರಿ ಅಕ್ಕಾರ, ಹೊರಗ ಹೋಗೂದೈತಿ ಅಂತ."

ಹೌದು, ಹೇಳಿದ್ದೆ. ಹೇಳಿ ನಾನು ಬೆಳಗಾವಿಗೆ ಹೋಗಿದ್ದೆ. ಬಂದ ಮೇಲೆ ಪ್ರಯೋಗಾಲಯದ ಅರ್ಜಿಯಲ್ಲಿ "ದಿನನಿತ್ಯ ತಯಾರಾಗುವ ಮಾಲಿನಿಂದ ತೆಗೆದ ಮಾದರಿ" ಎಂಬಲ್ಲಿ ಕಣ್ಣು ಮುಚ್ಚಿ ಸಹಿ ಹಾಕಿದ್ದೆ. ಬೇವು, ಅರಿಷಿಣ ಹುಳ ಕೊಲ್ಲುತ್ತವೆ, ಬೂಸು ತಡೆಯುತ್ತವೆ. ಐದು ಬೊಗಸೆ ಹಾಕಿದರೆ ಕೊಳೆಯುವುದನ್ನು ತಡ ಮಾಡುತ್ತವೆ. ಹತ್ತು ಹಾಕಿದರೆ ಕೊಳೆಯಲು ಬಿಡುವುದೇ ಇಲ್ಲ. ಮರ್ಯಾದೆಗೆಂದು ಹಾಕಿದ್ದು ಮಾದರಿಯನ್ನೇ ಕೆಡಿಸಿತ್ತು. ಇದನ್ನು ಆಕೆಗೆ ಆದಷ್ಟು ಮೆತ್ತಗೆ ಹೇಳಿದೆ.

"ಹಂಗಾರ ತಪ್ಪ ನಂದ ಐತಿ," ಎಂದಳು ಗೌರವ್ವಕ್ಕ. "ಹಂಗಂತ ಅವರಿಗೆ ಹೇಳು. ನನ್ನ ಹೆಸರ ಬರಸು."

ಒಂದು ಉಸಿರು ತಡವಿಲ್ಲ, ನೆಪವಿಲ್ಲ. ಫೋನು ಇಟ್ಟ ಮೇಲೆ ನನಗೆ ಅತ್ತುಬಿಡಬೇಕು ಎನಿಸಿತು. ಆಕಳು ಸತ್ತ ದಿನ ಹತ್ತು ಜನರೆದುರು ನನ್ನ ಬಾಯಿಂದ ಬಾರದ ಮಾತನ್ನು ಆಕೆ ಕೋಳಿಗೆ ಕಾಳು ಹಾಕುತ್ತ ಹೇಳಿದ್ದಳು.

ಭಾನುವಾರ

ಭಾನುವಾರ ಆ ಊರು ಸತ್ತಂತಿರುತ್ತದೆ. ಅಂಗಡಿ ಇಲ್ಲ, ಗಾಡಿಯ ಸದ್ದಿಲ್ಲ. ಬಟ್ಟೆ ಒಗೆದು ಬಡಿಯತೊಡಗಿದೆ. ಅಜ್ಜಿ ಬಂದು ಕೈ ಹಿಡಿದು ನಿಲ್ಲಿಸಿದರು, ಗೋಡೆಯ ಆಚೆ ತೋರಿಸಿ ನಿದ್ದೆಯ ಸನ್ನೆ ಮಾಡಿದರು. ಭಾನುವಾರ ನೆರೆಯವರಿಗೆ ಸದ್ದು ಕೇಳಿಸಬಾರದಂತೆ. ಆಮೇಲೆ ಪಾಪ ಎನಿಸಿರಬೇಕು, ಒಂದು ತುಂಡು ಕರಿ ರೊಟ್ಟಿ ತಂದು ಕೊಟ್ಟರು. ನಮ್ಮ ಒಣಗಿದ ಕಟಕ ರೊಟ್ಟಿಯೂ ಅದರ ಮುಂದೆ ಹೂವು. ಶೇಂಗಾ ಚಟ್ನಿ ಹಚ್ಚಿ ಅವರಿಗೂ ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಅವರು ಬಿಡದೆ ತಿಂದರು.

ಸದ್ದಿಲ್ಲದ ಊರಲ್ಲಿ ಯೋಚನೆಗೆ ಅಡ್ಡಿ ಬರುವವರು ಯಾರೂ ಇರಲಿಲ್ಲ. ಹತ್ತು ಬೊಗಸೆಯ ರೋಲು ಒಂದೇ, ಅದೊಂದು ಆಕಸ್ಮಿಕ ಎಂದು ಮೊದಲು ಸಮಾಧಾನ ಮಾಡಿಕೊಂಡೆ. ಸಂಜೆಯ ಹೊತ್ತಿಗೆ ಆ ಸಮಾಧಾನ ಉಳಿಯಲಿಲ್ಲ. ಗೌರವ್ವಕ್ಕನ ಕೈ ನನಗೆ ಗೊತ್ತು. ಮುನವಳ್ಳಿಯ ರೈತ ಬಂದು ಕಷ್ಟ ಹೇಳಿಕೊಂಡರೆ "ಪಾಪ" ಎಂದು ಒಂದು ಹಿಡಿ ಹೆಚ್ಚು. ರಾಮದುರ್ಗಕ್ಕೆ ಹೋಗುವ ಚೀಲವೆಂದರೆ ಅದು ಆಕೆಯ ತವರುಮನೆಯ ಕಡೆಯ ಮಾಲು. "ಅಲ್ಲಿ ಬಿಸಲ ಭಾಳ" ಎಂದು ಎರಡು ಬೊಗಸೆ ಹೆಚ್ಚು. ಅದನ್ನು ನಾನು ನಿಂತು ನೋಡಿದ್ದೇನೆ, ನಕ್ಕಿದ್ದೇನೆ. ಆ ಚೀಲಗಳೆಲ್ಲ ಈಗ ಮಣ್ಣಿನೊಳಗಿವೆ. ಯಾವುದು ಕರಗಿದೆ, ಯಾವುದು ಇಲ್ಲ, ನಾನು ಯಾವತ್ತಾದರೂ ಅಗೆದು ನೋಡಿದ್ದೆನೇ? ತನ್ನ ಊರಿನದೂ ಅಲ್ಲದ ಒಂದು ತುಂಡು ಫಿಲ್ಮನ್ನು ಇಲ್ಲಿನ ಹೆಂಗಸು ಜರಡಿ ಹಿಡಿದು ಹುಡುಕಿದ್ದಳು. ನಾನು ನನ್ನ ರೈತರ ಹೊಲದಲ್ಲಿ ಒಂದು ಗಿಡದ ಬುಡವನ್ನೂ ಕೆದಕಿರಲಿಲ್ಲ. ಕರಗುತ್ತದೆ ಎಂದು ಬಾಯಲ್ಲಿ ಹೇಳಿದ್ದೆ ಅಷ್ಟೇ.

ಸೋಮವಾರ

ಹೆಲ್ಗಾ ಕಡತ ತೆರೆದು ಕೂತಿದ್ದಳು. ರೋಲು ದಿನದ ಮಾಲಲ್ಲ, ಪುಡಿ ಎರಡು ಪಟ್ಟು ಬಿದ್ದಿದೆ, ಗೊತ್ತಿಲ್ಲದೆ ಸಹಿ ಹಾಕಿದವನು ನಾನು ಎಂದೆ. ಗೌರವ್ವಕ್ಕನ ಹೆಸರು ಹೇಳಲಿಲ್ಲ.

"ಯಾಕೆ ಎರಡು ಪಟ್ಟು?" ಎಂದಳು.

ಅದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಕಾಲು ತಾಸು ಹಿಡಿಯಿತು. ಬೀಗರು, ಹೋಳಿಗೆ, ತುಪ್ಪ ಎಲ್ಲ ಹೇಳಿದೆ. ಆಕೆ ನಗಲಿಲ್ಲ. ಪೆನ್ನು ಹಿಡಿದು ಕೂತೇ ಇದ್ದಳು, ಏನೂ ಬರೆಯಲಿಲ್ಲ. ಆಮೇಲೆ ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದಳು.

"ದಿನದ ಐದು ಯಾವಾಗಲೂ ಐದೇ ಇರುತ್ತದೆಯೇ?"

ಇರುತ್ತದೆ ಎಂದಿದ್ದರೆ ಹೊಸ ರೋಲು ಕಳಿಸಿ, ಮತ್ತೆ ಪರೀಕ್ಷೆ ಮಾಡಿಸಿ, ಗೊಬ್ಬರವಾಗುವ ಚೀಲವೆಂಬ ಗುರುತು ಪಡೆದು ಕೆಲಸ ಮುಂದುವರಿಸಬಹುದಿತ್ತು. ಇಲ್ಲ ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಯಾರೂ ಕೇಳದಿದ್ದರೂ ಆಕಳಿನ ಕಥೆ ಹೇಳಿದೆ. "ಆ ಚೀಲ ನನ್ನದಾಗಿತ್ತು" ಎಂದು ಜೀವಮಾನದಲ್ಲಿ ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು ಒಬ್ಬ ಪರದೇಶದ ಹೆಂಗಸಿನ ಮುಂದೆ, ತಪ್ಪು ತಪ್ಪು ಇಂಗ್ಲಿಷಿನಲ್ಲಿ. ಹೆಲ್ಗಾ ಕಡತ ಮುಚ್ಚಿದಳು. ಪರೀಕ್ಷೆ ರದ್ದು, ಅಳತೆ ಸರಿಯಾದ ಮೇಲೆ ಮೊದಲಿನಿಂದ ಶುರು ಎಂದಳು. ನಾನು ಏಳುವಾಗ, "ನಿಮ್ಮ ಗಿಡಗಳನ್ನು ಅಗೆದು ನೋಡಿ," ಎಂದಳು. ಬುದ್ಧಿ ಹೇಳುವ ದನಿಯಲ್ಲ. ಮನೆಯವರು ಊಟ ಮಾಡಿ ಹೋಗು ಎನ್ನುವ ದನಿ.

ಉಳಿದ ಎರಡು ದಿನ ಆ ಹೂವಿನ ಸಸಿಯವರನ್ನು ಕಂಡು ಕ್ಷಮೆ ಕೇಳುವುದರಲ್ಲಿ, ನಡೆಯುವುದರಲ್ಲಿ ಕಳೆದವು. ಯಾವ ಗಿಡ ಕಂಡರೂ ಅದರ ಬುಡ ನೋಡುತ್ತಿದ್ದೆ.

ರಾಮದುರ್ಗ

ಬಂದ ದಿನವೇ ಯಂತ್ರ ನಿಲ್ಲಿಸಿ ಶೆಡ್ಡಿನ ಕದ ಹಾಕಿದೆ. ಆದರೆ ರಾಮದುರ್ಗದ ಮಾತನ್ನು ಗೌರವ್ವಕ್ಕನಿಗೆ ಹೇಗೆ ಹೇಳಲಿ ಎಂದು ತಿಳಿಯಲಿಲ್ಲ. ಅಲ್ಲಿ ಆಕೆಯ ಸ್ವಂತ ತಮ್ಮ ಬಸಪ್ಪ ನಮ್ಮ ಚೀಲದ ಪೇರಲ ಸಸಿಗಳನ್ನು ಹಿಂದಿನ ಮಳೆಗಾಲದಲ್ಲಿ ನೆಟ್ಟಿದ್ದ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಆಕೆಯೇ ಕುಡಗೋಲು ಸೆರಗಿನಲ್ಲಿ ಸುತ್ತಿಕೊಂಡು ಶೆಡ್ಡಿಗೆ ಬಂದಳು.

"ಬಸ್ಯಾನ ಮಾಲಿಗೆ ನಾ ಏಳ ಹಾಕಿದ್ದೆ. ನಿನಗ ಗೊತ್ತೈತಿ. ಯಾಕ ಬಾಯಿ ಬಿಡವಲ್ಲಿ? ನಡಿ."

ಬಸ್ಸು ಸವದತ್ತಿ ದಾಟಿತು. ಆಮೇಲೆ ನಾನೇ ಹೇಳಿದೆ. "ಅವತ್ತ ಆಕಳ ಹೊಟ್ಟ್ಯಾಗಿದ್ದ ಚೀಲಾ ನಂದ ಇತ್ರಿ ಅಕ್ಕಾರ."

ಆಕೆ ಕಿಟಕಿಯ ಹೊರಗೇ ನೋಡುತ್ತಿದ್ದಳು. "ಗೊತ್ತೈತಿ. ಗುಲಾಬಿ ಇತ್ತಲ್ಲ," ಎಂದಳು. ಆಮೇಲೆ ತನ್ನ ಗಂಟು ಬಿಚ್ಚಿ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟಳು.

ಬಸಪ್ಪನ ತೋಟದಲ್ಲಿ ಮೊದಲ ಗಿಡದ ಬುಡ ಅಗೆದೆವು. ಚೀಲವಿರಲಿಲ್ಲ. ಬೇರುಗಳು ನಾಲ್ಕೂ ಕಡೆ ಹೋಗಿದ್ದವು, ಒಂದು ಎರೆಹುಳ ಹೊರಬಂತು. ಗೌರವ್ವಕ್ಕ ಆ ಮಣ್ಣನ್ನು ಬೆರಳಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನನಗೂ ಜೀವ ಬಂದಂತಾಯಿತು. ಎರಡನೆಯದರಲ್ಲಿ ಹಳದಿ ಚೂರುಗಳು, ಕೈಯಲ್ಲಿ ಹಿಡಿದರೆ ಪುಡಿಯಾಗುವಂಥವು. ಮೂರನೆಯ ಗಿಡ ಮೊಣಕಾಲೆತ್ತರಕ್ಕೆ ನಿಂತುಹೋಗಿತ್ತು, ಎಲೆ ಬಿಳಚಿಕೊಂಡಿತ್ತು. ಅದರ ಬುಡದಲ್ಲಿ ಚೀಲ ಇಡಿಯಾಗಿ ಇತ್ತು; ಪುಡಿ ಎಲ್ಲ ಕಡೆ ಒಂದೇ ಸಮ ಬೆರೆತಿರಲಿಲ್ಲವೇನೋ. ಹೊರಗೆ ದಾರಿ ಸಿಗದ ಬೇರುಗಳು ಚೀಲದೊಳಗೇ ಸುತ್ತು ಹಾಕಿ ಹಾಕಿ, ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬಿಯಂತೆ ಬಿಗಿದುಕೊಂಡಿದ್ದವು.

ಬಸಪ್ಪ ಅಕ್ಕನ ಮುಖ ನೋಡಿದ. "ಇರಲಿ ಬಿಡ ಅಕ್ಕಾ. ನಾಕ ಗಿಡಾ ಹ್ವಾದ್ರ ಏನಾತು? ಮುಂದಿನ ಮಳಿಗೆ ಬ್ಯಾರೆ ಹಚ್ಚೂಣು."

"ನಾಕೋ ನಾಕನೂರೋ ಯಾರ ನೋಡ್ಯಾರ?" ಎಂದಳು ಆಕೆ. ಕುಡಗೋಲಿನ ತುದಿಯಿಂದ ಚೀಲ ಸೀಳಿದಳು. ಬಿಗಿದ ಬೇರುಗಳನ್ನು ಒಂದೊಂದಾಗಿ, ಮಗಳ ತಲೆಯ ಸಿಕ್ಕು ಬಿಡಿಸಿದಂತೆ ಬಿಡಿಸಿ ಹೊರಗೆ ಚಾಚಿದಳು, ಮಣ್ಣು ಮುಚ್ಚಿದಳು, ನೀರು ಹಾಕಿಸಿದಳು. ಆಮೇಲೆ ಎರಡೂ ಅಂಗೈಗಳನ್ನು ಜೋಡಿಸಿ ಬೊಗಸೆ ಮಾಡಿ ನೋಡಿಕೊಂಡಳು. ಎಷ್ಟೋ ಮಂದಿಗೆ ಅಳೆಯದೆ ನೀಡಿದ ಕೈ ಅದು. ಯಾರಿಗೂ ಕಡಿಮೆ ಹಾಕಿದ್ದನ್ನು ನಾನು ಕಂಡಿಲ್ಲ.

"ಈ ಕೈ ನಂಬಬ್ಯಾಡ ತಮ್ಮಾ," ಎಂದಳು. "ಶೆಡ್ಡಿನ ಕದಾ ಮತ್ತ ತಗದ ದಿನ ತಕ್ಕಡಿ ತಂದ ಇಡು. ನಾ ಎದುರಿಗೆ ಕುಂತು ಇನ್ನೊಂಚೂರ ಹಾಕೋ ಅಂದ್ರೂ ಹಾಕಬ್ಯಾಡ."

ಹೆಲ್ಗಾಳ ತಟ್ಟೆ ಕಂಡಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ. ಗೌರವ್ವಕ್ಕ ಕಣ್ಣು ಒರೆಸಿಕೊಳ್ಳಲಿಲ್ಲ, ಅವಳ ಕೈ ಪೂರ್ತಿ ಮಣ್ಣಾಗಿತ್ತು. ಮುಂದಿನ ಗಿಡದ ಹತ್ತಿರ ಸರಿದು ಕೂತು ಬುಡ ಕೆದಕತೊಡಗಿದಳು. ಬಸಪ್ಪ ಇನ್ನೊಂದು ಸಾಲಿಗೆ ಗುದ್ದಲಿ ಒಯ್ದ. ನಾನು ತೋಟದ ಆ ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿ, ಅಂಗಿಯ ತೋಳು ಮಡಿಸಿ, ಆಕೆಯ ಪಕ್ಕದ ಗಿಡಕ್ಕೆ ಕೂತೆ.